ಹಾಲುಣಿಸುವ ಅವಧಿಯಲ್ಲಿ ನೈಸರ್ಗಿಕ ಗರ್ಭನಿರೋಧಕ ವಿಧಾನಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಪ್ರಶ್ನೆ: ಹಾಸನದ ಶಿಕ್ಷಕಿ

ನನಗೆ 31 ವರ್ಷ. ಮೊದಲ ಮಗುವಿಗೆ ಈಗ ಒಂಬತ್ತು ತಿಂಗಳು ತುಂಬಿದೆ. ಎದೆಹಾಲನ್ನು ಮುಂದುವರಿಸಿದ್ದೇನೆ. ಆರು ತಿಂಗಳು ಕಳೆದ ಮೇಲೆ ರಾಗಿ ಸರಿ ಆರಂಭಿಸಿ, ಈಗ ಮೆತ್ತಗೆ ಬೇಯಿಸಿದ ಅನ್ನ, ಬೇಳೆಕಟ್ಟು, ಬಾಳೆಹಣ್ಣನ್ನೂ ಕೊಡುತ್ತಿದ್ದೇವೆ. ನಾನು ಮತ್ತೆ ಶಾಲೆಗೆ ಹೋಗತೊಡಗಿರುವುದರಿಂದ ಬೆಳಗ್ಗೆ ಹೊರಡುವ ಮುನ್ನ ಒಮ್ಮೆ, ಸಂಜೆ ಮನೆಗೆ ಬಂದ ಕೂಡಲೇ ಒಮ್ಮೆ, ರಾತ್ರಿ ಮಗು ಎದ್ದಾಗ ಹಾಲುಣಿಸುವಂತಾಗಿದೆ. ಹೆರಿಗೆಯ ನಂತರ ಇನ್ನೂ ಮುಟ್ಟಾಗಿಲ್ಲ. ಎರಡನೆಯ ಮಗು ಬೇಕು, ಆದರೆ ಮೂರು ವರ್ಷವಾದರೂ ಅಂತರವಿರಲಿ ಎಂಬುದು ನಮ್ಮಿಬ್ಬರ ನಿರ್ಧಾರ.

ಮದುವೆಯಾದ ಹೊಸದರಲ್ಲಿ ಕೆಲವು ತಿಂಗಳು ಮಾತ್ರೆ ನುಂಗುತ್ತಿದ್ದೆ. ಆಗ ತಲೆನೋವು ಬಹಳ ಕಾಡಿತ್ತು, ಆದ್ದರಿಂದ ಮತ್ತೆ ಮಾತ್ರೆಗೆ ಹೋಗಲು ಮನಸ್ಸಿಲ್ಲ. ಹಾಲು ಕುಡಿಸುತ್ತಿರುವವರೆಗೆ ಬಸಿರು ನಿಲ್ಲುವುದಿಲ್ಲ, ತಮ್ಮ ಕಾಲದಲ್ಲಿ ಯಾರೂ ಏನನ್ನೂ ಬಳಸುತ್ತಿರಲಿಲ್ಲ ಎಂದು ಅತ್ತೆಯವರು ಹೇಳುತ್ತಾರೆ. ನನ್ನ ಯಜಮಾನರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು, ಶನಿವಾರ ರಾತ್ರಿ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೊರಡುತ್ತಾರೆ. ಮೊಬೈಲಿನ ಆ್ಯಪ್‌ನಲ್ಲಿ ‘ಸುರಕ್ಷಿತ ದಿನ’ಗಳನ್ನು ನೋಡಿಕೊಂಡರೆ ಸಾಕಲ್ಲವೇ ಎಂಬುದು ಅವರ ಅಭಿಪ್ರಾಯ. ಬಸಿರಾಗುವ ಮುನ್ನ ನನ್ನ ಮುಟ್ಟು ಕೆಲವೊಮ್ಮೆ 27 ದಿನಕ್ಕೆ, ಕೆಲವೊಮ್ಮೆ 35 ದಿನಕ್ಕೆ ಬರುತ್ತಿತ್ತು.

ದೇಹದೊಳಗೆ ಏನನ್ನೂ ಹಾಕಿಸಿಕೊಳ್ಳದೆ, ಔಷಧಿಯನ್ನೂ ತೆಗೆದುಕೊಳ್ಳದೆ ನಡೆಯುವ ವಿಧಾನಗಳ ಬಗ್ಗೆ ಒಲವಿದೆ. ಆದರೆ ಅವು ಕಾಪರ್-ಟಿ, ನಿರೋಧ್, ಮಾತ್ರೆಗಳಿಗೆ ಹೋಲಿಸಿದರೆ ಎಷ್ಟು ಭದ್ರ ಎಂಬುದನ್ನು ನೇರವಾಗಿ ಯಾರೂ ಹೇಳುತ್ತಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ತಜ್ಞೆ

ನಿಮ್ಮ ಅತ್ತೆಯವರ ಮಾತಿನಲ್ಲಿ ಸತ್ಯವಿದೆ, ಆದರೆ ಅದಕ್ಕೊಂದು ಗಡುವಿದೆ, ಮತ್ತು ಆ ಗಡುವನ್ನು ನೀವು ಈಗಾಗಲೇ ದಾಟಿದ್ದೀರಿ. ಮಗು ಮೊಲೆ ಚೀಪುವಾಗ ತಾಯಿಯ ಮೆದುಳಿನಿಂದ ಅಂಡಾಶಯಕ್ಕೆ ಹೋಗುವ ಹಾರ್ಮೋನುಗಳ ಪ್ರಚೋದನೆ ತಗ್ಗುವುದರಿಂದ ಅಂಡಾಣು ಬಿಡುಗಡೆಯಾಗುವುದು ತಡವಾಗುತ್ತದೆ. ಇದನ್ನು ಒಂದು ಗರ್ಭನಿರೋಧಕ ವಿಧಾನವೆಂದೇ ಪರಿಗಣಿಸಬಹುದು ಎಂಬ ಒಮ್ಮತಕ್ಕೆ ತಜ್ಞರು 1988ರಲ್ಲಿ ಇಟಲಿಯ ಬೆಲಾಜಿಯೋದಲ್ಲಿ ನಡೆದ ಸಭೆಯಲ್ಲಿ ಬಂದರು. ಆದರೆ ಅವರು ವಿಧಿಸಿದ ಮೂರು ಷರತ್ತುಗಳೂ ಏಕಕಾಲದಲ್ಲಿ ಪೂರೈಸಬೇಕು: ಮಗುವಿಗೆ ಆರು ತಿಂಗಳು ತುಂಬಿರಬಾರದು, ಮುಟ್ಟು ಮರಳಿರಬಾರದು, ಮಗುವಿನ ಆಹಾರ ಸಂಪೂರ್ಣವಾಗಿ ಅಥವಾ ಬಹುತೇಕ ಎದೆಹಾಲೇ ಆಗಿರಬೇಕು. ಹಗಲಿನಲ್ಲಿ ನಾಲ್ಕು ಗಂಟೆಗೂ ರಾತ್ರಿಯಲ್ಲಿ ಆರು ಗಂಟೆಗೂ ಹೆಚ್ಚು ಅಂತರ ಬೀಳದಂತೆ ಹಾಲುಣಿಸುವುದೆಂದು ಮೂರನೆಯ ಷರತ್ತಿನ ಅರ್ಥ. ಈ ಮೂರೂ ಇದ್ದಲ್ಲಿ ಆ ಆರು ತಿಂಗಳಲ್ಲಿ ಬಸಿರಾಗುವವರು ನೂರಕ್ಕೆ ಇಬ್ಬರಿಗಿಂತ ಕಡಿಮೆ, ಅಂದರೆ ಇದು ಮಾತ್ರೆಗೆ ಸರಿಸಮವಾದ ರಕ್ಷಣೆ. ಷರತ್ತುಗಳಲ್ಲಿ ಒಂದು ತಪ್ಪಿದರೂ ಲೆಕ್ಕ ಮುಗಿಯಿತು. ನಿಮ್ಮ ವಿಷಯದಲ್ಲಿ ಮೊದಲನೆಯದೂ ಮೂರನೆಯದೂ ತಪ್ಪಿವೆ.

ಮುಟ್ಟೇ ಬಂದಿಲ್ಲವಲ್ಲ ಎಂಬ ಧೈರ್ಯ ಬೇಡ. ಮೊದಲು ಅಂಡಾಣು ಬಿಡುಗಡೆಯಾಗುತ್ತದೆ, ಮುಟ್ಟು ಬರುವುದು ಅದಾಗಿ ಸುಮಾರು ಎರಡು ವಾರಕ್ಕೆ. ಆ ಮೊದಲ ಅಂಡಾಣುವೇ ಗರ್ಭ ಕಟ್ಟಿದರೆ ಮುಟ್ಟು ಕಾಣಿಸಿಕೊಳ್ಳುವುದೇ ಇಲ್ಲ. ಹೀಗೆ ನಡುವೆ ಒಮ್ಮೆಯೂ ಮುಟ್ಟಾಗದೆ ಎರಡನೆಯ ಬಸಿರಿನ ನಾಲ್ಕನೆಯ ತಿಂಗಳಲ್ಲಿ ಆಸ್ಪತ್ರೆಗೆ ಬರುವ ಬಾಣಂತಿಯರನ್ನು ನಮ್ಮಂಥ ವೈದ್ಯರು ಆಗಾಗ ನೋಡುತ್ತಲೇ ಇರುತ್ತೇವೆ. ಅವರಲ್ಲಿ ಹೆಚ್ಚಿನವರು ವಾಂತಿ ಬಂದಾಗ ಪಿತ್ತವೆಂದು ಜೀರಿಗೆ ಕಷಾಯ ಕುಡಿದು ಸುಮ್ಮನಾಗಿರುತ್ತಾರೆ.

ಇನ್ನು ಹೋಲಿಕೆಯ ಮಾತು. ನೈಸರ್ಗಿಕ ವಿಧಾನವೆಂಬುದು ಒಂದೇ ವಿಧಾನವಲ್ಲ. ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿ ‘ನೈಸರ್ಗಿಕ ವಿಧಾನ ವಿಫಲವಾಗುತ್ತದೆ’ ಎನ್ನುವುದೂ ‘ನೈಸರ್ಗಿಕವೇ ಶ್ರೇಷ್ಠ’ ಎನ್ನುವುದೂ ಸರಿಯಲ್ಲ. ಇವೆಲ್ಲದರ ಬುನಾದಿ ಒಂದೇ: ಅಂಡಾಣು ಬಿಡುಗಡೆಯಾದ ಮೇಲೆ 12ರಿಂದ 24 ಗಂಟೆ ಮಾತ್ರ ಜೀವಂತವಾಗಿರುತ್ತದೆ, ಆದರೆ ವೀರ್ಯಾಣುಗಳು ಹೆಣ್ಣಿನ ದೇಹದಲ್ಲಿ ಐದು ದಿನಗಳವರೆಗೂ ಉಳಿಯಬಲ್ಲವು. ಹೀಗಾಗಿ ಒಂದು ಋತುಚಕ್ರದಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಇರುವುದು ಸುಮಾರು ಆರು ದಿನ. ಆ ಆರು ದಿನ ಯಾವುವು ಎಂಬುದನ್ನು ಮುಂಚಿತವಾಗಿ ತಿಳಿಯುವುದರಲ್ಲೇ ತೊಡಕೆಲ್ಲ ಇದೆ. ಅಂಡೋತ್ಪತ್ತಿಯಿಂದ ಮುಂದಿನ ಮುಟ್ಟಿನವರೆಗಿನ ಅವಧಿ ಹೆಚ್ಚು ಏರುಪೇರಾಗುವುದಿಲ್ಲ. ಅಂಡೋತ್ಪತ್ತಿಗೆ ಮುಂಚಿನ ಅವಧಿ ಮಾತ್ರ ಜ್ವರ, ಪ್ರಯಾಣ, ನಿದ್ರೆಗೇಡು, ಚಿಂತೆ ಇವುಗಳಿಂದ ಹಿಗ್ಗುತ್ತದೆ, ಕುಗ್ಗುತ್ತದೆ. ಆದ್ದರಿಂದ ಹಿಂದಿನ ತಿಂಗಳುಗಳ ತಾರೀಕುಗಳನ್ನು ನೋಡಿ ಮುಂದಿನದನ್ನು ಊಹಿಸುವ ಯಾವ ವಿಧಾನಕ್ಕೂ ಒಂದು ಮಿತಿ ಇದ್ದೇ ಇರುತ್ತದೆ.

ಹಳೆಯ ಕ್ಯಾಲೆಂಡರ್ ಲೆಕ್ಕದಲ್ಲಿ ಕನಿಷ್ಠ ಆರು ಋತುಚಕ್ರಗಳನ್ನು ಬರೆದಿಟ್ಟು, ಅತಿ ಚಿಕ್ಕ ಚಕ್ರದಿಂದ 18 ಮತ್ತು ಅತಿ ದೊಡ್ಡ ಚಕ್ರದಿಂದ 11 ಕಳೆಯುತ್ತಾರೆ. ನಿಮ್ಮ ಹಿಂದಿನ ಚಕ್ರಗಳನ್ನೇ ತೆಗೆದುಕೊಂಡರೆ 27ರಲ್ಲಿ 18 ಕಳೆದರೆ 9, 35ರಲ್ಲಿ 11 ಕಳೆದರೆ 24. ಅಂದರೆ ಒಂಬತ್ತನೆಯ ದಿನದಿಂದ ಇಪ್ಪತ್ನಾಲ್ಕನೆಯ ದಿನದವರೆಗೆ, ಒಟ್ಟು 16 ದಿನ ದೂರವಿರಬೇಕು. ಈಗಂತೂ ಕಳೆಯುವುದಕ್ಕೆ ನಿಮ್ಮಲ್ಲಿ ಚಕ್ರವೇ ಇಲ್ಲ. 8ನೆಯ ದಿನದಿಂದ 19ನೆಯ ದಿನದವರೆಗೆ ದೂರವಿರುವ ನಿಗದಿತ ದಿನಗಳ ವಿಧಾನ ಇದಕ್ಕಿಂತ ಸರಳ, ಆದರೆ ಅದು 26ರಿಂದ 32 ದಿನಗಳೊಳಗೆ ಮುಟ್ಟಾಗುವವರಿಗೆ ಮಾತ್ರ. ವರ್ಷದಲ್ಲಿ ಎರಡು ಬಾರಿ ಈ ಮಿತಿ ಮೀರಿದರೆ ಅದನ್ನು ಕೈಬಿಡಬೇಕು. ಹೆರಿಗೆಯಾದವರು ಮೂರು ಬಾರಿಯಾದರೂ ಮುಟ್ಟಾಗಿ ಚಕ್ರ ಹದಕ್ಕೆ ಬಂದ ಮೇಲಷ್ಟೇ ಅದನ್ನು ಆರಂಭಿಸಬೇಕು.

ಮೊದಲ ಒಂದು ವರ್ಷದಲ್ಲಿ ನೂರು ಮಹಿಳೆಯರಲ್ಲಿ ಎಷ್ಟು ಮಂದಿ ಬಸಿರಾದರು ಎಂಬುದೇ ಎಲ್ಲ ವಿಧಾನಗಳ ಅಳತೆಗೋಲು. ನಿಯಮ ತಪ್ಪದ ಬಳಕೆಗೆ ಒಂದು ಸಂಖ್ಯೆ, ಮರೆವು ಅವಸರಗಳೆಲ್ಲ ಸೇರಿದ ವಾಡಿಕೆಯ ಬಳಕೆಗೆ ಇನ್ನೊಂದು ಸಂಖ್ಯೆ ಇರುತ್ತದೆ. ವಾಡಿಕೆಯ ಬಳಕೆಯ ಅಂಕಿಗಳು ಹೆಚ್ಚಾಗಿ ಅಮೆರಿಕದ ಸಮೀಕ್ಷೆಗಳಿಂದ ಬಂದವು ಎಂಬುದನ್ನು ನೆನಪಿನಲ್ಲಿಟ್ಟು ಓದಿಕೊಳ್ಳಿ. ಏನನ್ನೂ ಬಳಸದಿದ್ದರೆ ನೂರರಲ್ಲಿ 85. ನಿಗದಿತ ದಿನಗಳ ವಿಧಾನದಲ್ಲಿ ನಿಯಮ ತಪ್ಪದಿದ್ದರೆ 5, ವಾಡಿಕೆಯಲ್ಲಿ 12. ಗರ್ಭಕಂಠದ ಲೋಳೆಯನ್ನಷ್ಟೇ ಗಮನಿಸುವ ವಿಧಾನದಲ್ಲಿ 3 ಮತ್ತು 23. ಲೋಳೆಯ ಜೊತೆಗೆ ದೇಹದ ಉಷ್ಣಾಂಶವನ್ನೂ ದಿನವೂ ದಾಖಲಿಸಿದರೆ 0.4 ಮತ್ತು 2. ಇವುಗಳ ಪಕ್ಕದಲ್ಲಿ ನಿರೋಧ್ ಇಟ್ಟರೆ 2 ಮತ್ತು 13, ಮಾತ್ರೆ 0.3 ಮತ್ತು 7, ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದು 0.2 ಮತ್ತು 4, ಕಾಪರ್-ಟಿ 0.6 ಮತ್ತು 0.8.

ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಗಮನಿಸಿ. ಕಾಪರ್-ಟಿಯಲ್ಲಿ ಅಂತರ ಇಲ್ಲವೆನ್ನುವಷ್ಟು ಕಡಿಮೆ, ಏಕೆಂದರೆ ಅಳವಡಿಸಿದ ಮೇಲೆ ನೀವು ಮರೆಯುವಂಥದ್ದು ಏನೂ ಇರುವುದಿಲ್ಲ. ನೈಸರ್ಗಿಕ ವಿಧಾನಗಳಲ್ಲಿ ಪ್ರತಿದಿನವೂ ಇಬ್ಬರೂ ನಿಯಮಕ್ಕೆ ಬದ್ಧರಾಗಿರಬೇಕು. ಮೂರು ವರ್ಷದ ಅಂತರ ಬೇಕೇಬೇಕು ಎನ್ನುವವರಿಗೂ, ಬಸಿರಾದರೆ ಆಗಲಿ ಬಿಡಿ ಎನ್ನುವವರಿಗೂ ಒಂದೇ ಸಲಹೆ ಕೊಡಲಾಗದು. ನೀವು ಮೊದಲ ಗುಂಪಿನವರು. ನಿಮಗೆ ಕಾಪರ್-ಟಿ ಸೂಕ್ತವೆಂದು ನನ್ನ ಅಭಿಪ್ರಾಯ.

ತಲೆನೋವಿನ ಬಗ್ಗೆ ಒಂದು ಪ್ರಶ್ನೆ. ನೋವು ಬರುವ ಮುನ್ನ ಕಣ್ಣೆದುರು ಬೆಳಕಿನ ಗೆರೆಗಳು ಅಥವಾ ಮಿಣುಕು ಕಾಣುತ್ತಿದ್ದವೇ? ಹಾಗಿದ್ದರೆ ಈಸ್ಟ್ರೋಜನ್ ಎಂಬ ಹಾರ್ಮೋನು ಇರುವ ಮಾತ್ರೆಗಳನ್ನು ನೀವು ಎಂದಿಗೂ ತೆಗೆದುಕೊಳ್ಳಬಾರದು, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡುವ ಮಾಲಾ-ಎನ್ ಕೂಡ ಅಂಥ ಮಾತ್ರೆಯೇ. ಛಾಯಾ ಎಂಬ ಇನ್ನೊಂದು ಗರ್ಭನಿರೋಧಕ ಮಾತ್ರೆಯಲ್ಲಿ ಹಾರ್ಮೋನು ಇಲ್ಲ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಅದನ್ನು ಮೊದಲ ಮೂರು ತಿಂಗಳು ವಾರಕ್ಕೆರಡು ಬಾರಿ, ನಂತರ ವಾರಕ್ಕೊಮ್ಮೆ ನುಂಗಬೇಕು. ಹಾಲುಣಿಸುವವರೂ ತೆಗೆದುಕೊಳ್ಳಬಹುದು.

ಉತ್ತರ 2: ಮ್ಯೂನಿಕ್‌ನಲ್ಲಿರುವ ಶಿವಮೊಗ್ಗದವಳು

ವೈದ್ಯೆಯವರು ಕೊಟ್ಟ ಅಂಕಿಗಳಲ್ಲಿ ಲೋಳೆ ಮತ್ತು ಉಷ್ಣಾಂಶ ಎರಡನ್ನೂ ನೋಡುವ ವಿಧಾನದ ವಾಡಿಕೆಯ ಸಂಖ್ಯೆ ಮಾತ್ರೆಗಿಂತ ಕಡಿಮೆ ಇರುವುದನ್ನು ಓದಿ ಹಲವರು ಹುಬ್ಬೇರಿಸಿರಬಹುದು. ಆ ಸಂಖ್ಯೆಯ ಮೂಲ ಜರ್ಮನಿಯಲ್ಲಿ 900 ಮಹಿಳೆಯರನ್ನು ಅನುಸರಿಸಿ 2007ರಲ್ಲಿ ಪ್ರಕಟವಾದ ಅಧ್ಯಯನ. ಅವರೆಲ್ಲ ತರಬೇತಿ ಪಡೆದ ಶಿಕ್ಷಕಿಯರಿಂದ ಈ ವಿಧಾನವನ್ನು ಕಲಿತವರು, ಅದನ್ನು ತಾವಾಗಿಯೇ ಆರಿಸಿಕೊಂಡವರು. ಪುಸ್ತಕ ತಿರುವಿ ಹಾಕಿ ಅಥವಾ ಆ್ಯಪ್ ಇಳಿಸಿಕೊಂಡು ಆರಂಭಿಸಿದವರಿಗೆ ಅದೇ ಫಲ ಸಿಗುತ್ತದೆಂದು ಭಾವಿಸಲು ಆಧಾರವಿಲ್ಲ.

ನಾನು ಇಲ್ಲಿಯೇ ಈ ವಿಧಾನವನ್ನು ಕಲಿತು ಹಲವು ವರ್ಷಗಳಿಂದ ಅನುಸರಿಸುತ್ತಿದ್ದೇನೆ, ಆದ್ದರಿಂದ ದಿನನಿತ್ಯದಲ್ಲಿ ಅದು ಹೇಗಿರುತ್ತದೆ ಎಂಬುದನ್ನು ಹೇಳುತ್ತೇನೆ. ಬೆಳಗ್ಗೆ ಎಚ್ಚರವಾದ ಕೂಡಲೇ, ಹಾಸಿಗೆಯಿಂದ ಕಾಲು ಕೆಳಗಿಡುವ ಮುನ್ನ, ಥರ್ಮಾಮೀಟರನ್ನು ನಾಲಗೆಯಡಿಯಲ್ಲಿ ಇಟ್ಟುಕೊಳ್ಳಬೇಕು. ಜ್ವರ ನೋಡುವ ಸಾಮಾನ್ಯ ಥರ್ಮಾಮೀಟರ್ ಇದಕ್ಕೆ ಸಾಲದು, ದಶಾಂಶದ ನಂತರ ಎರಡು ಅಂಕಿ ತೋರಿಸುವಂಥದ್ದು ಬೇಕು. ಮುಟ್ಟಿನ ನಂತರ ನನ್ನ ಉಷ್ಣಾಂಶ 36.3, 36.4 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಏರಿಳಿಯುತ್ತಿದ್ದು, ಅಂಡೋತ್ಪತ್ತಿಯಾದ ಮೇಲೆ 36.6ರಿಂದ 36.7ಕ್ಕೆ ಏರಿ ಮುಂದಿನ ಮುಟ್ಟಿನವರೆಗೆ ಅಲ್ಲೇ ನಿಲ್ಲುತ್ತದೆ. ಹಿಂದಿನ ಆರು ದಿನಗಳ ಎಲ್ಲ ಅಂಕಿಗಳಿಗಿಂತಲೂ ಮೇಲಿರುವ ಮೂರು ಅಂಕಿಗಳು ಒಂದರ ಹಿಂದೆ ಒಂದು ಬಂದು, ಅವುಗಳಲ್ಲಿ ಮೂರನೆಯದು ಆ ಆರರಲ್ಲಿ ಅತಿ ಹೆಚ್ಚಿನದಕ್ಕಿಂತ ಕನಿಷ್ಠ 0.2 ಡಿಗ್ರಿ ಮೇಲಿದ್ದರೆ ಏರಿಕೆ ಖಚಿತ.

ಅದರ ಜೊತೆಗೆ ಲೋಳೆ. ಮುಟ್ಟು ನಿಂತ ಮೇಲೆ ಕೆಲವು ದಿನ ಒಣಗಿದಂತಿದ್ದು, ಬಳಿಕ ಅಂಟಂಟಾಗಿ, ಬೆಳ್ಳಗೆ ಕೆನೆಯಂತಾಗಿ, ಅಂಡೋತ್ಪತ್ತಿ ಹತ್ತಿರವಾದಂತೆ ಹಸಿ ಮೊಟ್ಟೆಯ ಬಿಳಿಭಾಗದ ಹಾಗೆ ತಿಳಿಯಾಗಿ, ಎರಡು ಬೆರಳುಗಳ ನಡುವೆ ಹಿಡಿದರೆ ಎಳೆಯಾಗಿ ಜಗ್ಗುತ್ತದೆ. ನಮ್ಮಲ್ಲಿ ಅನೇಕರು ಇದನ್ನು ಬಿಳಿಸೆರಗಿನ ಕಾಯಿಲೆಯೆಂದು ಹೆದರಿ ಮೆಂತ್ಯದ ನೀರು ಕುಡಿಯುತ್ತಾರೆ. ದುರ್ವಾಸನೆ, ತುರಿಕೆ, ಹಳದಿ ಬಣ್ಣ ಇಲ್ಲದಿದ್ದರೆ ಅದು ದೇಹದ ಸಹಜ ಕ್ರಿಯೆ. ಆ ಜಗ್ಗುವ ಲೋಳೆಯ ಕೊನೆಯ ದಿನವನ್ನು ಗುರುತಿಸಿ, ಅದರ ಮೇಲೆ ಮೂರು ದಿನ ಎಣಿಸುತ್ತೇವೆ. ಉಷ್ಣಾಂಶದ ಲೆಕ್ಕ, ಲೋಳೆಯ ಲೆಕ್ಕ ಇವೆರಡರಲ್ಲಿ ಯಾವುದು ತಡವಾಗಿ ಮುಗಿಯುತ್ತದೆಯೋ ಆ ದಿನದ ಸಂಜೆಯಿಂದ ಸುರಕ್ಷಿತ ಅವಧಿ ಆರಂಭ.

ಇಷ್ಟೆಲ್ಲ ಹೇಳಿದ ಮೇಲೂ, ಹಾಸನದ ಅಕ್ಕನಿಗೆ ಈಗಲೇ ಇದನ್ನು ಆರಂಭಿಸಿರಿ ಎಂದು ನಾನು ಹೇಳಲಾರೆ. ಸತತವಾಗಿ ಕೆಲವು ಗಂಟೆ ನಿದ್ರೆಯಾಗಿದ್ದರೆ ಮಾತ್ರ ಬೆಳಗಿನ ಉಷ್ಣಾಂಶಕ್ಕೆ ಅರ್ಥವಿರುತ್ತದೆ. ಹಲ್ಲು ಬರುತ್ತಿರುವ ಮಗು ರಾತ್ರಿ ಎರಡು ಮೂರು ಬಾರಿ ಎಬ್ಬಿಸುವ ಮನೆಯಲ್ಲಿ ಆ ಅಂಕಿಗಳು ದಿಕ್ಕುತಪ್ಪಿಸುತ್ತವೆ. ಹಾಲುಣಿಸುವಾಗ ದೇಹ ಹಲವು ಬಾರಿ ಅಂಡೋತ್ಪತ್ತಿಗೆ ಸಿದ್ಧವಾಗಿ ಹಿಂದೆ ಸರಿಯುವುದರಿಂದ ಲೋಳೆಯೂ ಬಂದು ಹೋಗಿ ಮಾಡುತ್ತದೆ. ನಾನು ಹೆರಿಗೆಯಾದ ಮೇಲೆ ಒಂದು ವರ್ಷ ಈ ವಿಧಾನವನ್ನು ಬದಿಗಿಟ್ಟು ಕಾಂಡೋಮ್ ಬಳಸಿದೆ.

ಆ್ಯಪ್‌ಗಳಲ್ಲಿ ಎರಡು ಬಗೆ. ದಿನವೂ ದಾಖಲಿಸಿದ ಉಷ್ಣಾಂಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂಥವು ಕೆಲವೇ. ಅಂಥ ಒಂದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಗರ್ಭನಿರೋಧಕವಾಗಿ ಮಾರಲು ಅನುಮತಿ ಕೊಟ್ಟಿದೆ. ಆದರೆ ಹೆಚ್ಚಿನವರ ಮೊಬೈಲಿನಲ್ಲಿರುವುದು ಮುಟ್ಟಿನ ತಾರೀಕನ್ನಷ್ಟೇ ಕೇಳಿ, ಸರಾಸರಿ ತೆಗೆದು, ಹಸಿರು ಕೆಂಪು ಬಣ್ಣ ತೋರಿಸುವಂಥವು. ಅವು ಹಳೆಯ ಕ್ಯಾಲೆಂಡರ್ ಲೆಕ್ಕದ ಚಂದದ ರೂಪವಷ್ಟೆ. ಒಂಬತ್ತು ತಿಂಗಳಿನಿಂದ ಮುಟ್ಟೇ ಆಗದವರಿಗೆ ಅವು ತೋರಿಸುವ ‘ಸುರಕ್ಷಿತ ದಿನ’ ಬರಿಯ ಕಲ್ಪನೆ.

ಉತ್ತರ 3: ಹಳೆ ಮೈಸೂರಿನ ಓದುಗ, ನಿವೃತ್ತ ಇತಿಹಾಸ ಅಧ್ಯಾಪಕ

ಇದೇ ಪ್ರಶ್ನೆಯನ್ನು ಸರ್ಕಾರವೇ ನಮ್ಮ ರಾಮನಗರದಲ್ಲಿ ಎತ್ತಿಕೊಂಡು ಪ್ರಯೋಗ ನಡೆಸಿತ್ತು ಎಂಬುದು ಇಂದು ಹೆಚ್ಚಿನವರಿಗೆ ತಿಳಿದಿಲ್ಲ. ಮೈಸೂರು ಸಂಸ್ಥಾನವು 1930ರಲ್ಲಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆದು, ಈ ವಿಷಯದಲ್ಲಿ ಜಗತ್ತಿಗೇ ಮೊದಲಿಗ ಸರ್ಕಾರವೆನಿಸಿಕೊಂಡಿತು. ಸ್ವಾತಂತ್ರ್ಯಾನಂತರ ಕೇಂದ್ರದ ಆರೋಗ್ಯ ಸಚಿವೆಯಾದ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯವರ ನಿಕಟ ಅನುಯಾಯಿ. ಕೃತಕ ಸಾಧನಗಳನ್ನು ಗಾಂಧೀಜಿ ಒಪ್ಪುತ್ತಿರಲಿಲ್ಲ. ಸಂತಾನ ನಿಯಂತ್ರಣದ ಪರ ಹೋರಾಡುತ್ತಿದ್ದ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ 1935ರಲ್ಲಿ ವಾರ್ಧಾಕ್ಕೆ ಬಂದು ಅವರೊಡನೆ ದೀರ್ಘವಾಗಿ ವಾದಿಸಿದಾಗಲೂ, ಸಂಯಮದ ಅಂಶವಿರುವ ಸುರಕ್ಷಿತ ದಿನಗಳ ಮಾರ್ಗವೊಂದನ್ನು ಮಾತ್ರ ತಮಗೆ ಉಳಿದವುಗಳಷ್ಟು ಅಸಹ್ಯವಲ್ಲವೆಂದು ಅವರು ಹೇಳಿದ್ದರು. ಅಮೃತ್ ಕೌರ್ ಆ ಎಳೆಯನ್ನೇ ಹಿಡಿದು ವಿಶ್ವ ಆರೋಗ್ಯ ಸಂಸ್ಥೆಯ ನೆರವು ಕೋರಿದರು. ನ್ಯೂಯಾರ್ಕಿನ ವೈದ್ಯ ಅಬ್ರಹಾಂ ಸ್ಟೋನ್ ಬಂದರು. ದೆಹಲಿಯ ಲೋಧಿ ಕಾಲೊನಿ ಮತ್ತು ಮೈಸೂರು ರಾಜ್ಯದ ರಾಮನಗರದಲ್ಲಿ 1950ರ ದಶಕದ ಆರಂಭದಲ್ಲಿ ಪ್ರಯೋಗ ನಡೆಯಿತು.

ಲೆಕ್ಕವಿಡಲು ಬಾರದ ಮಹಿಳೆಯರಿಗೆಂದು ಸ್ಟೋನ್ ಮಣಿಸರವೊಂದನ್ನು ರೂಪಿಸಿದರು. ದಿನಕ್ಕೊಂದು ಮಣಿಯನ್ನು ಸರಿಸಬೇಕು, ಹಸಿರು ಮಣಿ ಬಂದರೆ ಸುರಕ್ಷಿತ, ಕೆಂಪು ಬಂದರೆ ದೂರ. ಕಾಗದದ ಮೇಲೆ ಇದಕ್ಕಿಂತ ಸರಳವಾದ ಉಪಾಯವಿಲ್ಲ. ಆದರೆ ರಾತ್ರಿಯ ಕತ್ತಲಲ್ಲಿ ಕೆಂಪೂ ಹಸಿರೂ ಒಂದೇ ಆಗಿ ಕಂಡವು, ಹಾಗಾಗಿ ಮುಟ್ಟಿ ಗುರುತಿಸಲು ಮಣಿಗಳ ಆಕಾರವನ್ನೇ ಬದಲಿಸಬೇಕಾಯಿತು. ಕೆಲವರು ಮಣಿಗಳನ್ನು ಹಿಂದಕ್ಕೆ ಸರಿಸಿದ್ದರಿಂದ ಒಂದೇ ದಿಕ್ಕಿಗೆ ಚಲಿಸುವಂತೆ ಕೊಕ್ಕೆ ಜೋಡಿಸಿದರು. ಸರವನ್ನು ಕೊರಳಿಗೆ ಹಾಕಿಕೊಂಡರೆ ಊರಿಗೆಲ್ಲ ಗುಟ್ಟು ತಿಳಿಯುತ್ತದೆಂದು ನಾಚಿದವರಿದ್ದರು, ಸರ ಇದ್ದರೆ ಸಾಕು ಬಸಿರು ನಿಲ್ಲುವುದಿಲ್ಲವೆಂದು ತಾಯಿತದ ಹಾಗೆ ನಂಬಿದವರೂ ಇದ್ದರು. ಕಲಿಯಲು ಆಸಕ್ತಿ ತೋರಿದವರ ಸಂಖ್ಯೆ ದೊಡ್ಡದಾಗಿತ್ತು, ಕೊನೆಯವರೆಗೆ ಪಾಲಿಸಿದವರು ಬೆರಳೆಣಿಕೆಯಷ್ಟು.

ಇದನ್ನು ಹಳ್ಳಿಯ ಹೆಂಗಸರ ಅಜ್ಞಾನದ ಕಥೆಯೆಂದು ನಗುತ್ತಾ ಹೇಳುವವರನ್ನು ಕಂಡಿದ್ದೇನೆ, ನನಗದು ಒಪ್ಪಿಗೆಯಿಲ್ಲ. ಮಣಿಯನ್ನು ಸರಿಸುವುದು ಹೆಂಡತಿ, ಕೆಂಪು ಮಣಿಯ ದಿನ ದೂರವಿರಬೇಕಾದವನು ಗಂಡ. ಸರವನ್ನು ಅವಳ ಕೈಗೆ ಕೊಟ್ಟವರು ಅವನೊಂದಿಗೆ ಎಷ್ಟು ಮಾತನಾಡಿದ್ದರು? ಅರ್ಧ ಶತಮಾನದ ನಂತರ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು ವೈದ್ಯೆಯವರು ಹೇಳಿದ ನಿಗದಿತ ದಿನಗಳ ವಿಧಾನಕ್ಕೆಂದು ಮತ್ತೆ ಮಣಿಸರವನ್ನೇ ಮಾಡಿದರು. ಭಾರತದಲ್ಲಿ ಅದು ಮಾಲಾಚಕ್ರ ಎಂಬ ಹೆಸರಿನಲ್ಲಿ ಬಂತು. ಅದರಲ್ಲಿ 32 ಮಣಿಗಳಿದ್ದು, ಮೊದಲನೆಯದು ಕೆಂಪು, ಗರ್ಭ ನಿಲ್ಲುವ 12 ದಿನಗಳದ್ದು ಬಿಳಿ, ಉಳಿದವು ಕಂದು. ಬಿಳಿ ಮಣಿಗಳು ಕತ್ತಲಲ್ಲಿ ಹೊಳೆಯುತ್ತವೆ, ರಬ್ಬರ್ ಉಂಗುರ ಯಾವ ಕಡೆಗೆ ಸರಿಯಬೇಕೆಂದು ಬಾಣದ ಗುರುತಿದೆ. ರಾಮನಗರದಲ್ಲಿ ಎದುರಾದ ತೊಡಕುಗಳಿಗೆಲ್ಲ ಒಂದೊಂದಾಗಿ ಉತ್ತರ ಕೊಟ್ಟಂತಿದೆ, ಗಂಡನದೊಂದನ್ನು ಬಿಟ್ಟು. ಅದನ್ನು ಮಣಿಯಲ್ಲಿ ಪೋಣಿಸಲು ಬರುವುದಿಲ್ಲ.

ಉತ್ತರ 4: ಇಬ್ಬರು ಮಕ್ಕಳ ತಂದೆ, ದಾವಣಗೆರೆ

ಮೇಲಿನ ಹಿರಿಯರ ಮಾತಿಗೆ ನಾನು ಸೇರಿಸಬೇಕಾದದ್ದು ಗಂಡಸರಿಗೆ ಸಂಬಂಧಿಸಿದ್ದು. ಈ ಚರ್ಚೆಯಲ್ಲಿ ಯಾರೂ ಪ್ರಸ್ತಾಪಿಸದ, ಆದರೆ ಹೆಚ್ಚು ಮನೆಗಳಲ್ಲಿ ನಡೆಯುವ ನೈಸರ್ಗಿಕ ವಿಧಾನವೆಂದರೆ ಸ್ಖಲನಕ್ಕೆ ಮುಂಚೆ ಹಿಂದೆ ಸರಿಯುವುದು. ವೈದ್ಯೆಯವರ ಅಳತೆಗೋಲಿನಲ್ಲಿ ಅದರ ವಾಡಿಕೆಯ ಸಂಖ್ಯೆ ನೂರಕ್ಕೆ 20. ಏನೂ ಇಲ್ಲದಿರುವುದಕ್ಕಿಂತ ಅದು ಎಷ್ಟೋ ಮೇಲು, ಆದರೆ ಸ್ಖಲನಕ್ಕೆ ಮುಂಚೆ ಬರುವ ದ್ರವದಲ್ಲೂ ವೀರ್ಯಾಣುಗಳು ಇರಬಹುದಾದ್ದರಿಂದ ಎಷ್ಟೇ ಹಿಡಿತವಿದ್ದರೂ ಪೂರ್ಣ ಭರವಸೆ ಇಲ್ಲ. ನಿರೋಧ್ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ. ಲೈಂಗಿಕ ರೋಗಗಳನ್ನು ತಡೆಯುವುದೂ ಈ ಎಲ್ಲದರಲ್ಲಿ ಅದೊಂದೇ.

ಗಂಡ ವಾರಕ್ಕೊಮ್ಮೆ ಊರಿಗೆ ಬರುವ ದಂಪತಿಗೆ ದಿನಗಳ ಲೆಕ್ಕ ಹೇಗೆ ಒಗ್ಗುತ್ತದೆ ಎಂಬುದನ್ನೂ ಯೋಚಿಸಬೇಕು. ಸತತ 12 ದಿನ ದೂರವಿರಬೇಕೆಂದರೆ ಅದರಲ್ಲಿ ಒಂದು ಭಾನುವಾರವಂತೂ ಖಂಡಿತ ಬರುತ್ತದೆ, ಹೆಚ್ಚಿನ ತಿಂಗಳುಗಳಲ್ಲಿ ಎರಡು ಬರುತ್ತವೆ. ಆರು ದಿನ ದೂರವಿದ್ದು ಬಂದವರಿಗೆ ‘ಈ ವಾರ ಆಗದು’ ಎಂದು ಹೇಳುವ ಹೊಣೆ ಯಾವಾಗಲೂ ಹೆಂಡತಿಯ ಮೇಲೆಯೇ ಬೀಳುತ್ತದೆ. ಆ್ಯಪ್ ನೋಡಿದರೆ ಸಾಕೆನ್ನುವ ಯಜಮಾನರು ಅದನ್ನು ತಮ್ಮ ಮೊಬೈಲಿನಲ್ಲೇ ಇಟ್ಟುಕೊಂಡು ತಾವೇ ಲೆಕ್ಕವಿಡಲಿ, ಒಂದೆರಡು ತಿಂಗಳಲ್ಲಿ ವಿಷಯ ಇತ್ಯರ್ಥವಾಗುತ್ತದೆ.

ಪ್ರಶ್ನೆಗೆ ನೇರ ಸಂಬಂಧವಿಲ್ಲದಿದ್ದರೂ ಒಂದು ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ, ಗಂಡಸರ ಪಾಲು ಸೊನ್ನೆಯ ಹತ್ತಿರವಿದೆ. ನಾನು ಎರಡನೆಯ ಮಗುವಾದ ಮೇಲೆ ಗಾಯವಿಲ್ಲದ ವ್ಯಾಸೆಕ್ಟಮಿ ಮಾಡಿಸಿಕೊಂಡೆ. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಅರ್ಧ ಗಂಟೆಯೊಳಗೆ ಮುಗಿಸಿದರು, ಹೊಲಿಗೆಯೂ ಇರಲಿಲ್ಲ. ಮೂರು ತಿಂಗಳು ನಿರೋಧ್ ಬಳಸಿ, ಬಳಿಕ ವೀರ್ಯ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಂಡೆ. ಇನ್ನು ಮಕ್ಕಳು ಬೇಡವೆಂದು ತೀರ್ಮಾನಿಸಿದವರು ಇದನ್ನು ಓದುತ್ತಿದ್ದರೆ ಇದೂ ಗಮನದಲ್ಲಿರಲಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಡಾಕ್ಟರ್ ಅವರೇ, ತಲೆನೋವು ಬರುವ ಮುನ್ನ ಕಣ್ಣೆದುರು ಅಂಕುಡೊಂಕಾದ ಬೆಳಕು ಕಾಣುತ್ತಿದ್ದುದು ನಿಜ. ಅದಕ್ಕೂ ಮಾತ್ರೆಗೂ ಸಂಬಂಧವಿದೆಯೆಂದು ಆಗ ಯಾರೂ ಕೇಳಿರಲಿಲ್ಲ. ದಾವಣಗೆರೆಯವರು ಬರೆದಿರುವುದನ್ನು ಯಜಮಾನರಿಗೆ ಓದಲು ಕಳುಹಿಸಿದ್ದೇನೆ. ಅವರು ನಕ್ಕು, ನಿರೋಧ್ ತರುವ ಜವಾಬ್ದಾರಿ ತಮ್ಮದೆಂದು ಒಪ್ಪಿಕೊಂಡಿದ್ದಾರೆ.

ಕಾಪರ್-ಟಿ ಬಗ್ಗೆ ನನಗಿರುವ ಅಳುಕು ಹೇಳಿಬಿಡುತ್ತೇನೆ. ವಂಕಿ ಹಾಕಿಸಿಕೊಂಡರೆ ಮುಟ್ಟಿನಲ್ಲಿ ರಕ್ತಸ್ರಾವ ಹೆಚ್ಚುತ್ತದೆ, ಮೈ ದಪ್ಪವಾಗುತ್ತದೆ, ಮುಂದೆ ಮಕ್ಕಳಾಗುವುದು ಕಷ್ಟ, ಅದು ಹೊಟ್ಟೆಯೊಳಗೆ ಮೇಲಕ್ಕೆ ಹೋಗಿಬಿಡುತ್ತದೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಮುಟ್ಟೇ ಬಂದಿಲ್ಲದಿರುವಾಗ ಅದನ್ನು ಹಾಕಿಸಿಕೊಳ್ಳಬಹುದೇ, ಅಥವಾ ಮುಟ್ಟಿಗಾಗಿ ಕಾಯಬೇಕೇ? ಮುಂದೆ ಚಕ್ರ ಸರಿಹೋದ ಮೇಲೆ ಮ್ಯೂನಿಕ್‌ನವರು ಹೇಳಿದ ವಿಧಾನವನ್ನು ಕಲಿಯುವ ಆಸೆಯನ್ನು ಬಿಟ್ಟಿಲ್ಲ.

ಉತ್ತರ 5: ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ತಜ್ಞೆ

ಹಾಗಿದ್ದರೆ ನಿಮ್ಮ ತಾಯಿ ಕಾರ್ಡಿನ ಮೇಲೂ, ಇತರ ಆಸ್ಪತ್ರೆ ಚೀಟಿಗಳ ಮೇಲೂ ‘ಬೆಳಕು ಕಾಣುವ ಮೈಗ್ರೇನ್’ ಎಂದು ಬರೆಸಿಟ್ಟುಕೊಳ್ಳಿ. ಮುಂದೆ ಯಾವ ವೈದ್ಯರು ಮಾತ್ರೆ ಬರೆಯಹೊರಟರೂ ಅದನ್ನು ಮೊದಲು ತೋರಿಸಿ.

ರಕ್ತಸ್ರಾವದ ಮಾತು ನಿಜ. ಮೊದಲ ಮೂರರಿಂದ ಆರು ತಿಂಗಳು ಸ್ರಾವವೂ ಹೊಟ್ಟೆನೋವೂ ಹೆಚ್ಚಿರಬಹುದು, ಬಳಿಕ ಸಾಮಾನ್ಯವಾಗಿ ತಗ್ಗುತ್ತದೆ. ನಿಮ್ಮ ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಅದನ್ನು ಮೊದಲು ಸರಿಪಡಿಸಿಕೊಳ್ಳುವುದು ಒಳ್ಳೆಯದು. ಮೈ ದಪ್ಪವಾಗುವ ಮಾತಿಗೆ ಆಧಾರವಿಲ್ಲ, ಅದರಲ್ಲಿ ಹಾರ್ಮೋನೇ ಇಲ್ಲ. ತೆಗೆಸಿದ ಕೂಡಲೇ ಗರ್ಭಧಾರಣೆಯ ಸಾಮರ್ಥ್ಯ ಮರಳುತ್ತದೆ. ಈ ವಿಷಯದಲ್ಲಿ ಚುಚ್ಚುಮದ್ದಿಗಿಂತ ಇದು ನಿಮಗೆ ಅನುಕೂಲ, ಏಕೆಂದರೆ ಅಂತರಾ ಚುಚ್ಚುಮದ್ದನ್ನು ನಿಲ್ಲಿಸಿದ ಮೇಲೆ ಬಸಿರಾಗಲು ಹಲವು ತಿಂಗಳು ಹಿಡಿಯಬಹುದು. ಗರ್ಭಕೋಶದ ಗೋಡೆ ತೂರಿ ಹೊರಹೋಗುವುದು ಬಹಳ ಅಪರೂಪ, ಸಾವಿರ ಬಾರಿ ಅಳವಡಿಸಿದರೆ ಒಂದೆರಡು. ಆದರೆ ಹಾಲುಣಿಸುವ ತಾಯಂದಿರಲ್ಲಿ ಈ ಸಾಧ್ಯತೆ ಉಳಿದವರಿಗಿಂತ ಹೆಚ್ಚು, ಆದ್ದರಿಂದ ಅನುಭವವಿರುವ ಕೈಯಲ್ಲಿ ಹಾಕಿಸಿಕೊಳ್ಳಿ. ತಾನಾಗಿಯೇ ಜಾರಿ ಹೊರಬರುವುದು ಅದಕ್ಕಿಂತ ಹೆಚ್ಚು, ಅದೂ ಮೊದಲ ಕೆಲವು ತಿಂಗಳಲ್ಲಿ. ಆದ್ದರಿಂದ ಒಂದು ತಿಂಗಳ ನಂತರ ಬಂದು ದಾರ ಇದೆಯೇ ಎಂದು ತಪ್ಪದೆ ಪರೀಕ್ಷಿಸಿಕೊಳ್ಳಬೇಕು. ಕಾಪರ್-ಟಿಯಲ್ಲಿ ಹತ್ತು ವರ್ಷದ್ದು, ಐದು ವರ್ಷದ್ದು ಎರಡೂ ಸಿಗುತ್ತವೆ. ಯಾವುದನ್ನು ಹಾಕಿಸಿಕೊಂಡರೂ ಎರಡನೆಯ ಮಗು ಬೇಕೆನಿಸಿದ ದಿನ ತೆಗೆಸಬಹುದು.

ಮುಟ್ಟಿಗಾಗಿ ಕಾಯಬೇಕಿಲ್ಲ. ಬಸಿರಿಲ್ಲವೆಂದು ಖಚಿತವಾಗಬೇಕು, ಅಷ್ಟೆ. ಇಲ್ಲಿಯವರೆಗೆ ಏನನ್ನೂ ಬಳಸದೆ ಸಂಪರ್ಕವಾಗಿದ್ದಲ್ಲಿ, ಇಂದು ಮಾಡಿದ ಒಂದು ಪರೀಕ್ಷೆ ಸಾಲದು. ಕಳೆದ ವಾರ ನಿಂತ ಬಸಿರು ಇಂದಿನ ಮೂತ್ರ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಆದ್ದರಿಂದ ಇಂದೇ ಒಮ್ಮೆ ಪರೀಕ್ಷಿಸಿ, ಮೂರು ವಾರ ತಪ್ಪದೆ ನಿರೋಧ್ ಬಳಸಿ, ಬಳಿಕ ಮತ್ತೊಮ್ಮೆ ಪರೀಕ್ಷಿಸಿ. ಬಸಿರು ಪರೀಕ್ಷೆಯ ‘ನಿಶ್ಚಯ್’ ಕಿಟ್ ನಿಮ್ಮ ಆಶಾ ಕಾರ್ಯಕರ್ತೆಯ ಬಳಿಯೇ ಸಿಗುತ್ತದೆ. ಎರಡೂ ಬಾರಿ ಒಂದು ಗೆರೆ ಮಾತ್ರ ಬಂದರೆ, ಅಂದರೆ ಬಸಿರಿಲ್ಲವೆಂದಾದರೆ, ಕಿಟ್‌ನ ಆ ಪಟ್ಟಿಯನ್ನೂ ತಾಯಿ ಕಾರ್ಡನ್ನೂ ತೆಗೆದುಕೊಂಡು ಹತ್ತಿರದ ಆಸ್ಪತ್ರೆಗೆ ಹೋಗಿ. ಈ ನಡುವೆ ನಿರೋಧ್ ಹರಿದರೆ 72 ಗಂಟೆಯೊಳಗೆ ತುರ್ತು ಮಾತ್ರೆ ತೆಗೆದುಕೊಳ್ಳಬಹುದು, ಅದರಲ್ಲಿ ಈಸ್ಟ್ರೋಜನ್ ಇಲ್ಲದ ಕಾರಣ ನಿಮ್ಮ ತಲೆನೋವಿಗೂ ಅಡ್ಡಿಯಿಲ್ಲ. ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಫಲಕಾರಿ.